ಕಾನ್ವೆಂಟಿನ ಹೊಸ್ತಿಲ ಒಳಗೆ ಬಿಷಪರ ಮಾತು ಎಲ್ಲಿಯವರೆಗೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಕ್ಯಾಥೊಲಿಕ್ ಸಿಸ್ಟರ್‌ಗಳ ಸಭೆಗೂ (ಅವರ ಸಂನ್ಯಾಸಿನಿ ಸಂಘಕ್ಕೂ) ಧರ್ಮಕ್ಷೇತ್ರದ (ಒಬ್ಬ ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶದ) ಕಚೇರಿಗೂ ತಕರಾರು ಹುಟ್ಟಿದಾಗ ಕಾನೂನು ಏನನ್ನುತ್ತದೆ ಎಂದು ಕೇಳಿ ಮಲೆನಾಡಿನ ಬೇರೆ ಬೇರೆ ತಾಲ್ಲೂಕುಗಳಿಂದ ಪತ್ರಗಳು ಬಂದಿವೆ. ಊರು, ಸಭೆಯ ಗುರುತು ಸಿಗದ ಹಾಗೆ ಅವುಗಳನ್ನು ಚುಟುಕು ಮಾಡಿದ್ದೇವೆ. ಬೇರೆಯಾಗಿ ಹೇಳದ ಕಡೆ ಇಲ್ಲಿರುವುದೆಲ್ಲ 1983ರ ಕ್ಯಾನನ್ ಕಾನೂನು, ಅಂದರೆ ಶಿವಮೊಗ್ಗ ಧರ್ಮಕ್ಷೇತ್ರದಂಥ ಲ್ಯಾಟಿನ್ ಧರ್ಮಸಭೆಗೆ (ಕ್ಯಾಥೊಲಿಕ್ ಧರ್ಮಸಭೆಯ ಪಾಶ್ಚಾತ್ಯ ಶಾಖೆಗೆ) ಅನ್ವಯಿಸುವ ಧರ್ಮಸಭೆಯ ಒಳ ಕಾನೂನು; ಆವರಣದಲ್ಲಿರುವ ಅಂಕಿಗಳು ಅದರ ಕಲಂ ಸಂಖ್ಯೆಗಳು.

ಪ್ರಶ್ನೆ: ನಮ್ಮೂರಲ್ಲಿ ಬಹಳ ವರ್ಷಗಳಿಂದ ಸಿಸ್ಟರ್‌ಗಳು ಶಾಲೆ, ಡಿಸ್ಪೆನ್ಸರಿ ನಡೆಸುತ್ತಿದ್ದಾರೆ. ಈಗ ಬಿಷಪ್ ಹೌಸಿನಿಂದ ‘ಶಾಲೆಯ ಆಡಳಿತ ಧರ್ಮಕ್ಷೇತ್ರಕ್ಕೆ ವಹಿಸಿ, ಮನೆ ಖಾಲಿ ಮಾಡಿ’ ಎಂದು ಪತ್ರ ಬಂದಿದೆಯಂತೆ. ಹಾಗೆ ಹೇಳುವ ಹಕ್ಕು ಬಿಷಪರಿಗೆ ಇದೆಯೇ? — ಸಾಗರ ತಾಲ್ಲೂಕಿನ ಓದುಗರು

ಆ ಪತ್ರದಲ್ಲಿ ಎರಡು ಬೇರೆ ವಿಷಯಗಳನ್ನು ಒಂದೇ ಗಂಟು ಕಟ್ಟಿದ್ದಾರೆ. ಬಿಚ್ಚಿ ನೋಡಬೇಕು.

ಮೊದಲು ಮನೆ, ಅಂದರೆ ಸಿಸ್ಟರ್‌ಗಳು ವಾಸಿಸುವ ಕಾನ್ವೆಂಟ್. ಯಾವ ಧಾರ್ಮಿಕ ಸಭೆಯಾದರೂ ಒಂದು ಊರಿನಲ್ಲಿ ಮನೆ ತೆರೆಯಲು ಅಲ್ಲಿನ ಬಿಷಪರ ಲಿಖಿತ ಒಪ್ಪಿಗೆ ಮುಂಚಿತವಾಗಿ ಬೇಕು (ಕ್ಯಾನನ್ 609). ಒಮ್ಮೆ ಒಪ್ಪಿಗೆ ಸಿಕ್ಕಿತೆಂದರೆ ಅದರ ಜೊತೆಗೇ ತಮ್ಮ ರೀತಿಯಲ್ಲಿ ಬದುಕುವ, ಒಪ್ಪಿಗೆಯಲ್ಲಿ ಹಾಕಿದ ಷರತ್ತಿಗೆ ಒಳಪಟ್ಟು ತಮ್ಮ ಸೇವೆ ನಡೆಸುವ ಹಕ್ಕೂ ಬರುತ್ತದೆ (611). ಬಿಷಪರು ಬದಲಾದ ಮಾತ್ರಕ್ಕೆ ಆ ಒಪ್ಪಿಗೆ ಬಿದ್ದುಹೋಗುವುದಿಲ್ಲ. ಮನೆ ಮುಚ್ಚುವ ಅಧಿಕಾರ ಇರುವುದು ಇಡೀ ಸಭೆಯ ಮುಖ್ಯಸ್ಥೆಯಾದ ಮದರ್ ಜನರಲ್‌ಗೆ. ಮುಚ್ಚುವ ಮೊದಲು ಅವರು ಬಿಷಪರ ಅಭಿಪ್ರಾಯ ಕೇಳಬೇಕು (616). ಮುಚ್ಚುವವರು ಸಭೆಯವರು, ಅಭಿಪ್ರಾಯ ಹೇಳುವವರು ಬಿಷಪರು ಎಂಬ ಈ ಕ್ರಮ ತಲೆಕೆಳಗಾದಲ್ಲೇ ಅರ್ಧ ಜಗಳ ಹುಟ್ಟುತ್ತವೆ.

ಶಾಲೆಯ ಲೆಕ್ಕ ಬೇರೆ. ಅದು ಸಭೆಯ ಸ್ವಂತ ಶಾಲೆಯೋ, ಧರ್ಮಕ್ಷೇತ್ರ ತನ್ನ ಶಾಲೆಯನ್ನು ಸಿಸ್ಟರ್‌ಗಳಿಗೆ ನಡೆಸಲು ಒಪ್ಪಿಸಿದ್ದೋ? ಒಪ್ಪಿಸಿದ್ದಾದರೆ ಅದು ಬಿಷಪರ ಅಧಿಕಾರ ಮತ್ತು ನಿರ್ದೇಶನದ ಕೆಳಗೇ ಇರುತ್ತದೆ, ಒಪ್ಪಂದದಲ್ಲಿ ಬರೆದ ರೀತಿಯಲ್ಲಿ ಅವರು ವಾಪಸು ಕೇಳಬಹುದು (681). ಸ್ವಂತದ್ದಾದರೆ ಶಾಲೆಯಲ್ಲಿ ಧರ್ಮೋಪದೇಶ, ಪೂಜೆ, ಪ್ರೇಷಿತ ಸೇವೆ (ಧರ್ಮಸಭೆಯ ಹೆಸರಿನ ಸೇವಾ ಕಾರ್ಯ) ಹೇಗೆ ನಡೆಯುತ್ತಿದೆ ಎಂದು ಕೇಳುವ, ತಿದ್ದುವ ಅಧಿಕಾರ ಬಿಷಪರಿಗೆ ಇದೆ. ‘ನಮಗೆ ಬಿಟ್ಟುಕೊಡಿ’ ಎಂಬ ಅಧಿಕಾರ ಇಲ್ಲ. ಏಕೆಂದರೆ ಸಭೆ, ಅದರ ಪ್ರಾಂತ್ಯ (ಹಲವು ಮನೆಗಳು ಸೇರಿದ ವಿಭಾಗ), ಅದರ ಒಂದೊಂದು ಮನೆ ಕೂಡ ಆಸ್ತಿ ಹೊಂದಬಲ್ಲ ಸ್ವತಂತ್ರ ಕಾನೂನುಬದ್ಧ ವ್ಯಕ್ತಿ (634).

ಯಾವುದು ಎಂದು ತಿಳಿಯುವುದು ಹೇಗೆ? ಊರಿನ ಹಿರಿಯರ ನೆನಪನ್ನು ನೆಚ್ಚಬೇಡಿ, ಕಾಗದ ಹುಡುಕಿ. ಮೊದಲು ಸಿಗಬೇಕಾದ್ದು ಮನೆ ತೆರೆಯಲು ಬಿಷಪರು ಕೊಟ್ಟ ಒಪ್ಪಿಗೆ ಪತ್ರ. ಶಿವಮೊಗ್ಗ ಧರ್ಮಕ್ಷೇತ್ರ ಆದದ್ದು 1988ರಲ್ಲಿ. ಅದಕ್ಕೂ ಹಿಂದಿನ ಮನೆಗಳ ಕಾಗದ ಚಿಕ್ಕಮಗಳೂರು ಧರ್ಮಕ್ಷೇತ್ರದ ದಫ್ತರದಲ್ಲಿ ಇರಬಹುದು. ಚಿಕ್ಕಮಗಳೂರು ಕೂಡ 1963ರಲ್ಲಿ ಮೈಸೂರಿನಿಂದ ಬೇರೆಯಾದದ್ದು, ಹಾಗಾಗಿ ಇನ್ನೂ ಹಳೆಯದಾದರೆ ಮೈಸೂರಿನಲ್ಲಿ ಕೇಳಬೇಕು. ‘ಪತ್ರವೇ ಇಲ್ಲ’ ಎಂದು ಶಿವಮೊಗ್ಗದಲ್ಲಿ ಹೇಳಿದರೆ ಅಲ್ಲಿಗೇ ಬಿಟ್ಟುಬಿಡಬೇಡಿ. ಸಭೆಯ ಜನರಲೇಟಿನಲ್ಲಿ (ಕೇಂದ್ರ ಕಚೇರಿಯಲ್ಲಿ), ಪ್ರೊವಿನ್ಷಿಯಲ್ ಹೌಸಿನಲ್ಲಿ (ಪ್ರಾಂತ್ಯದ ಕಚೇರಿಯಲ್ಲಿ) ಅದರ ಪ್ರತಿ ಇರುವ ಸಾಧ್ಯತೆ ಹೆಚ್ಚು. ಆಮೇಲೆ ಶಿಕ್ಷಣ ಇಲಾಖೆಯ ಮಾನ್ಯತೆ ಆದೇಶ ನೋಡಿ: ಆಡಳಿತ ಮಂಡಳಿ ಎಂದು ಯಾರ ಹೆಸರಿದೆ? ಆ ಸೊಸೈಟಿ ಅಥವಾ ಟ್ರಸ್ಟಿನ ಬೈಲಾದಲ್ಲಿ ಅಧ್ಯಕ್ಷರು ಪ್ರಾಂತ್ಯದ ಮುಖ್ಯಸ್ಥೆಯಾದ ಪ್ರೊವಿನ್ಷಿಯಲ್ಲೋ, ಬಿಷಪರೋ? ಇಲಾಖೆಯ ದಾಖಲೆಯಲ್ಲಿ ಹೆಸರು ಬದಲಾಗದೆ ಬರೀ ಬೀಗದ ಕೈ ಬದಲಾದರೆ ಮಾನ್ಯತೆ ನವೀಕರಣ, ಶಿಕ್ಷಕರ ಸಂಬಳ, ಮಕ್ಕಳ ಟಿ.ಸಿ.ಗೆ ಸಹಿ ಎಲ್ಲವೂ ಸಿಕ್ಕಿಬೀಳುತ್ತವೆ.

ಜಾಗದ ಪಹಣಿ, ಮ್ಯುಟೇಶನ್, ಗ್ರಾಮಠಾಣಾ ಒಳಗಿದ್ದರೆ ಪಂಚಾಯಿತಿಯ ಇ-ಸ್ವತ್ತು, ಉಪನೋಂದಣಿ ಕಚೇರಿಯ ಋಣಭಾರ ಪತ್ರ ಇಷ್ಟನ್ನೂ ತೆಗೆಸಿ. ಮಲೆನಾಡಿನಲ್ಲಿ ಪದೇ ಪದೇ ಕಾಣುವ ತೊಡಕು ಒಂದಿದೆ. ಇಗರ್ಜಿ, ಗುರುಗಳ (ಪಾದ್ರಿಗಳ) ಮನೆ, ಕಾನ್ವೆಂಟ್, ಶಾಲೆ ಎಲ್ಲ ಒಂದೇ ಸರ್ವೆ ನಂಬರಿನಲ್ಲಿ ಪೋಡಿಯಾಗದೆ ಕೂತಿರುತ್ತವೆ. ಜಾಗ ಧರ್ಮಕ್ಷೇತ್ರದ ಹೆಸರಿನಲ್ಲಿ, ಕಟ್ಟಡ ಸಿಸ್ಟರ್‌ಗಳು ದಾನಿಗಳಿಂದ ಹಣ ತಂದು ಕಟ್ಟಿದ್ದು, ಆಟದ ಮೈದಾನ ಸೊಪ್ಪಿನಬೆಟ್ಟ (ತೋಟಗಳಿಗೆ ಸೊಪ್ಪು ತರಲು ಬಿಟ್ಟ ಸರ್ಕಾರಿ ಜಾಗ). ಸೊಪ್ಪಿನಬೆಟ್ಟದ ಮೇಲೆ ಸಭೆಗೂ ಒಡೆತನ ಇಲ್ಲ, ಧರ್ಮಕ್ಷೇತ್ರಕ್ಕೂ ಇಲ್ಲ. ಇಂಥ ಕಡೆ ಜಗಳಕ್ಕಿಂತ ಮೊದಲು ಸರ್ವೆಯರನ್ನು ಕರೆಸಿ ಹದ್ದುಬಸ್ತು ಮಾಡಿಸುವುದು ಎರಡೂ ಕಡೆಯವರಿಗೆ ಒಳ್ಳೆಯದು.

ಒಪ್ಪಂದವೇ ಬರೆದಿರದಿದ್ದರೆ? ಹಾಗೆ ಇರಕೂಡದು. ಒಪ್ಪಿಸಿದ ಕೆಲಸಕ್ಕೆ ಬಿಷಪರೂ ಸಭೆಯ ಮೇಲಧಿಕಾರಿಯೂ ಲಿಖಿತ ಒಪ್ಪಂದ ಮಾಡಿಕೊಳ್ಳಲೇಬೇಕು. ಮಾಡಬೇಕಾದ ಕೆಲಸ, ಅದಕ್ಕೆ ಕೊಡುವ ಸದಸ್ಯರು, ಹಣಕಾಸು ಈ ಮೂರನ್ನೂ ಅದರಲ್ಲಿ ಸ್ಪಷ್ಟವಾಗಿ ಬರೆಯಬೇಕು ಎಂದು ಕ್ಯಾನನ್ 681ರ ಎರಡನೆಯ ಭಾಗ ಹೇಳುತ್ತದೆ. ಈಗಲಾದರೂ ಬರೆಯಲು ಕೂತರೆ ದೊಡ್ಡ ದೊಡ್ಡ ಮಾತುಗಳಲ್ಲಿ ನಿಲ್ಲಿಸಬೇಡಿ. ಎಷ್ಟು ಸಿಸ್ಟರ್‌ಗಳು, ಅವರಿಗೆ ತಿಂಗಳಿಗೆ ಎಷ್ಟು ಸಂಭಾವನೆ, ಯಾವ ತಾರೀಖಿನೊಳಗೆ? ಬ್ಯಾಂಕ್ ಖಾತೆಗೆ ಸಹಿ ಯಾರದು? ಮಳೆಗಾಲ ಮುಗಿದ ಮೇಲೆ ಒಡೆದ ಹಂಚು, ಕೊಳೆತ ರೀಪು ಬದಲಿಸುವ ಖರ್ಚು ಯಾರದು? ಬಾವಿ ಒಂದೇ ಆಗಿದ್ದರೆ ಮೋಟಾರಿನ ಕರೆಂಟ್ ಬಿಲ್ ಹೇಗೆ ಹಂಚಿಕೆ? ಕಾಂಪೌಂಡಿನ ಒಳಗಿನ ಅಡಿಕೆ ಮರಗಳ ಚೇಣಿ (ಫಸಲು ಗುತ್ತಿಗೆ) ಹಣ ಯಾರ ಖಾತೆಗೆ? ಚೇಣಿ ಹಣ ಸಣ್ಣದೆಂದು ಎಲ್ಲರೂ ಬಿಟ್ಟಿರುತ್ತಾರೆ. ಅಡಿಕೆ ಧಾರಣೆ ಏರಿದ ವರ್ಷ ಅದೇ ಮೊದಲ ಕಿಡಿ. ಒಪ್ಪಂದ ಎಷ್ಟು ವರ್ಷಕ್ಕೆ, ಮುರಿಯುವುದಾದರೆ ಎಷ್ಟು ತಿಂಗಳ ಮುಂಚೆ ನೋಟಿಸ್ ಎಂಬುದನ್ನೂ ಹಾಕಿ. ಬಿಡುವುದು ಶೈಕ್ಷಣಿಕ ವರ್ಷದ ಕೊನೆಯಲ್ಲೇ ಆಗಬೇಕು ಎಂದು ಬರೆದಿಟ್ಟರೆ ಎಸ್‌ಎಸ್‌ಎಲ್‌ಸಿ ಮಕ್ಕಳು ನಡುನೀರಿನಲ್ಲಿ ಉಳಿಯುವುದು ತಪ್ಪುತ್ತದೆ. ಸಿಸ್ಟರ್‌ಗಳು ತಂದ ಮಂಚ, ಕಪಾಟು, ಡಿಸ್ಪೆನ್ಸರಿಯ ಉಪಕರಣಗಳ ಪಟ್ಟಿಯನ್ನು ಇಬ್ಬರೂ ಸಹಿ ಮಾಡಿ ಒಪ್ಪಂದಕ್ಕೆ ಲಗತ್ತಿಸಿ.

ಪ್ರಶ್ನೆ: ನಾನು ಒಂದು ಕಾನ್ವೆಂಟಿನ ಸುಪೀರಿಯರ್ (ಮುಖ್ಯಸ್ಥೆ). ಬಿಷಪರ ಸಹಿಯುಳ್ಳ ಆಜ್ಞಾಪತ್ರ ನಮ್ಮ ಕೈ ಸೇರಿದೆ. ನಮಗೆ ಅನ್ಯಾಯವಾಗಿದೆ ಎನಿಸುತ್ತದೆ. ವಿಧೇಯತೆಯ ವ್ರತ ಮುರಿಯದೆ ಪ್ರಶ್ನಿಸಲು ದಾರಿ ಇದೆಯೇ? ಸಮಯ ಎಷ್ಟು? — ಹೊಸನಗರ ಕಡೆಯಿಂದ

ಇದೆ, ಮತ್ತು ಅದನ್ನು ಬಳಸುವುದು ಅವಿಧೇಯತೆ ಅಲ್ಲ ಸಿಸ್ಟರ್. ಧರ್ಮಸಭೆಯೇ ತೆರೆದಿಟ್ಟ ಬಾಗಿಲು ಅದು. ಆದರೆ ದಿನ ಬಹಳ ಕಡಿಮೆ. ನೊವೇನ (ಒಂಬತ್ತು ದಿನದ ಪ್ರಾರ್ಥನೆ) ಮುಗಿಯಲಿ, ಜನರಲ್ ಚಾಪ್ಟರ್ (ಇಡೀ ಸಭೆಯ ಪ್ರತಿನಿಧಿಗಳ ಸಮಾವೇಶ) ಬರಲಿ ಎಂದು ಕಾದವರು ಅಲ್ಲೇ ಸೋಲುತ್ತಾರೆ.

ಮೊದಲ ಹೆಜ್ಜೆ ರೋಮಿಗೆ ಬರೆಯುವುದಲ್ಲ. ಆಜ್ಞೆ ಮಾಡಿದ ಬಿಷಪರಿಗೇ ‘ಇದನ್ನು ಹಿಂತೆಗೆದುಕೊಳ್ಳಿ ಅಥವಾ ತಿದ್ದಿ’ ಎಂದು ಲಿಖಿತವಾಗಿ ಬೇಡಬೇಕು. ಅವಧಿ 10 ದಿನ (1734). ಪತ್ರ ಕೈಸೇರಿದ ದಿನ ಲೆಕ್ಕಕ್ಕಿಲ್ಲ, ಮರುದಿನದಿಂದ ಎಣಿಕೆ. ಜುಲೈ 3ಕ್ಕೆ ಪತ್ರ ಸಿಕ್ಕಿದ್ದರೆ ಜುಲೈ 13 ಕೊನೆಯ ದಿನ. ಈ ಬೇಡಿಕೆ ಸಲ್ಲಿಸಿದಿರೆಂದರೆ ಆಜ್ಞೆಯ ಜಾರಿಗೆ ತಡೆ ಕೇಳಿದ ಹಾಗೂ ಆಗುತ್ತದೆ ಎಂದು ಅದೇ ಕ್ಯಾನನ್ ಹೇಳುತ್ತದೆ. ಆದರೂ ತಡೆ ಬೇಕೆಂದು ಒಂದು ಸಾಲು ಬರೆಯಿರಿ. ಕೇಳಿದ ಹಾಗೆ ಆಯಿತು ಎಂದರೆ ತಡೆ ಸಿಕ್ಕಿತು ಎಂದಲ್ಲ. ಬಿಷಪರು 10 ದಿನದೊಳಗೆ ತಡೆ ಕೊಡದಿದ್ದರೆ ಮೇಲಿನ ಅಧಿಕಾರಿಯನ್ನು ಕೇಳಬಹುದು. ಗಂಭೀರ ಕಾರಣವಿದ್ದರೆ ಮಾತ್ರ ಅವರು ಕೊಡುತ್ತಾರೆ (1736).

ಎರಡನೆಯ ಹೆಜ್ಜೆ. ಬಿಷಪರಿಗೆ ಉತ್ತರಿಸಲು 30 ದಿನ. ಉತ್ತರ ಬಂದರೆ ಅಂದಿನಿಂದ, ಬಾರದಿದ್ದರೆ ಮೂವತ್ತನೆಯ ದಿನದಿಂದ, 15 ದಿನದೊಳಗೆ ಮೇಲ್ಮನವಿ (1735, 1737). ನಿಮ್ಮ ಬೇಡಿಕೆ ಜುಲೈ 12ಕ್ಕೆ ಬಿಷಪ್ ಹೌಸ್ ತಲುಪಿತು, ಉತ್ತರವೇ ಇಲ್ಲ ಎಂದುಕೊಳ್ಳಿ. ಆಗಸ್ಟ್ 11ಕ್ಕೆ 30 ದಿನ ಮುಗಿಯಿತು. ಆಗಸ್ಟ್ 26ರೊಳಗೆ ಮೇಲ್ಮನವಿ ಹೋಗಿರಬೇಕು. ಮೌನವನ್ನು ಒಪ್ಪಿಗೆ ಎಂದು ತಿಳಿದು ಸುಮ್ಮನಿದ್ದುಬಿಡುವುದು ಇಲ್ಲಿ ಆಗುವ ಅತಿ ದೊಡ್ಡ ತಪ್ಪು. ಮೇಲ್ಮನವಿ ಹೋಗಬೇಕಾದ್ದು ರೋಮಿನ ಸಮರ್ಪಿತ ಜೀವನ ಸಂಸ್ಥೆಗಳ ವಿಭಾಗಕ್ಕೆ. ದೆಹಲಿಯ ಪೋಪ್ ರಾಯಭಾರ ಕಚೇರಿಯ ಮೂಲಕ ಕಳಿಸುವ ರೂಢಿ ಇದೆ; ಬಿಷಪರ ಕೈಯಲ್ಲೇ ಕೊಟ್ಟರೂ ಅವರು ಕೂಡಲೇ ಅದನ್ನು ಮೇಲಕ್ಕೆ ಕಳಿಸಲು ಬದ್ಧರು. ಅಲ್ಲೂ ನ್ಯಾಯ ಸಿಗಲಿಲ್ಲವೆಂದರೆ ರೋಮಿನ ಸರ್ವೋಚ್ಚ ನ್ಯಾಯಪೀಠವಾದ ಅಪೋಸ್ಟೋಲಿಕ್ ಸಿಗ್ನತೂರಕ್ಕೆ 60 ದಿನದೊಳಗೆ. ಅಲ್ಲಿ ನೋಡುವುದು ಕಾನೂನು ಮುರಿದಿದೆಯೇ ಎಂಬುದನ್ನು ಮಾತ್ರ.

ಪತ್ರ ಒಂದೂವರೆ, ಎರಡು ಪುಟ ಸಾಕು. ಆಜ್ಞೆಯ ತಾರೀಖು, ಅದು ನಿಮಗೆ ಮುಟ್ಟಿದ ತಾರೀಖು, ಯಾವ ಸಾಲಿಗೆ ಆಕ್ಷೇಪ, ಯಾಕೆ, ಏನು ಬೇಕು ಎಂಬುದಿಷ್ಟು. ಎರಡು ವಿಷಯ ತಪ್ಪದೆ ನೋಡಿ: ಆಜ್ಞೆ ಮಾಡುವ ಮೊದಲು ನಿಮ್ಮ ಮಾತು ಕೇಳಿದ್ದರೇ (50), ಆಜ್ಞೆಯಲ್ಲಿ ಕಾರಣ ಸಂಕ್ಷೇಪವಾಗಿಯಾದರೂ ಬರೆದಿದೆಯೇ (51)? ಗುರುಗಳ ನಡತೆ, ಯಾರೋ ಆಡಿದ ಮಾತು, ಹತ್ತು ವರ್ಷದ ಹಿಂದಿನ ನೋವು ಇವನ್ನೆಲ್ಲ ತುಂಬಿದರೆ ಗಟ್ಟಿ ಅಂಶ ಮುಚ್ಚಿಹೋಗುತ್ತದೆ. ಸಹಿ ಮಾಡುವ ಮೊದಲು ಪ್ರೊವಿನ್ಷಿಯಲ್ ಜೊತೆ ಮಾತಾಡಿ. ವಿಷಯ ಇಡೀ ಸಭೆಯದಾದರೆ ಮನೆಯ ಸುಪೀರಿಯರ್ ಸಹಿ ಸಾಲದು. ಮೇಲಧಿಕಾರಿಯ ಸಹಿ, ಕೌನ್ಸಿಲ್ ನಡಾವಳಿಯ ಪ್ರತಿ ಬೇಕು. ಕನ್ನಡದ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಲಗತ್ತಿಸಿ.

ಪತ್ರವನ್ನು ಕೈಯಲ್ಲೇ ತೆಗೆದುಕೊಂಡು ಹೋಗಿ ಕಚೇರಿಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳಿ. ಹಾಕಿಕೊಡದಿದ್ದರೆ ಅದೇ ದಿನ ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟ್ ಮಾಡಿ, ಇ-ಮೇಲ್ ಕೂಡ ಕಳಿಸಿ. ಆಷಾಢದ ಮಳೆಯಲ್ಲಿ ಘಟ್ಟದ ಊರುಗಳಿಗೆ ಕರೆಂಟ್, ಫೋನ್, ಬಸ್ಸು ಮೂರೂ ನಿಂತುಹೋಗುವುದುಂಟು. ಏನೂ ಮಾಡಲಾಗದ ದಿನಗಳು ಈ ಅವಧಿಯಲ್ಲಿ ಸೇರುವುದಿಲ್ಲ ಎಂದು ಕಾನೂನಿನಲ್ಲಿದೆ (201). ಆದರೆ ರಸ್ತೆ ಕುಸಿದಿತ್ತು ಎಂಬುದಕ್ಕೆ ಪಂಚಾಯಿತಿಯ ಪತ್ರವೋ ಪತ್ರಿಕೆಯ ತುಣುಕೋ ಇಟ್ಟುಕೊಳ್ಳಬೇಕು.

ಸಲಹೆಗಾರರನ್ನು ಇಟ್ಟುಕೊಳ್ಳುವ ಹಕ್ಕು ನಿಮಗಿದೆ (1738). ಬೆಂಗಳೂರಿನ ಮಲ್ಲೇಶ್ವರದ ಸೇಂಟ್ ಪೀಟರ್ಸ್ ಪಾಂಟಿಫಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಕ್ಯಾನನ್ ಕಾನೂನು ಕಲಿಸುತ್ತಾರೆ. ಅದನ್ನು ಓದಿದವರು ಯಾರಾದರೂ ನಿಮ್ಮ ಸಭೆಯಲ್ಲೇ ಇರಬಹುದು. ಹಾಗೆಯೇ, ಈ ಎಲ್ಲ ಹೆಜ್ಜೆಗಳ ನಡುವೆಯೂ ಮಾತುಕತೆಯಿಂದ ಬಗೆಹರಿಸಲು ಯತ್ನಿಸಬೇಕೆಂದು 1733 ಹೇಳುತ್ತದೆ. ಮಾತುಕತೆ ನಡೆಯುತ್ತಿದೆ ಎಂದು ಮಾತ್ರ ದಿನ ಎಣಿಸುವುದನ್ನು ನಿಲ್ಲಿಸಬೇಡಿ.

ಪ್ರಶ್ನೆ: ಬಿಷಪರ ಕಡೆಯವರು ಕಾನ್ವೆಂಟಿಗೆ ಬಂದು ಲೆಕ್ಕದ ಪುಸ್ತಕ ಕೇಳಿದರು. ಸಿಸ್ಟರ್‌ಗಳು ಕೊಡಲಿಲ್ಲ. ಯಾರು ಸರಿ? — ತೀರ್ಥಹಳ್ಳಿ ಓದುಗರು

ಅದು ಯಾವ ಬಗೆಯ ಸಭೆ ಎಂಬುದರ ಮೇಲಿದೆ. ಯೇಸುಸಭೆ, ಕಪುಚಿನ್ ಸಭೆಯ ಹಾಗೆ ರೋಮಿನ ಮಾನ್ಯತೆ ಪಡೆದ ಸಭೆಗಳು ಒಳಗಿನ ಆಡಳಿತ, ಶಿಸ್ತಿನ ವಿಷಯದಲ್ಲಿ ನೇರವಾಗಿ ರೋಮಿಗೆ ಮಾತ್ರ ಅಧೀನ (593). ಸಿಸ್ಟರ್‌ಗಳ ಎಷ್ಟೋ ಸಭೆಗಳೂ ಹೀಗೆಯೇ. ಅಂಥವರ ಮನೆಯ ಲೆಕ್ಕ ನೋಡುವುದು ಅವರ ಪ್ರೊವಿನ್ಷಿಯಲ್. ಬಿಷಪರ ಮಾನ್ಯತೆಯಲ್ಲೇ ಇರುವ ಧರ್ಮಕ್ಷೇತ್ರದ ಸಭೆಯಾದರೆ ಮನೆಗೆ ಅಧಿಕೃತ ಭೇಟಿ ಕೊಡುವ (628), ಲೆಕ್ಕ ತಿಳಿಯುವ (637) ಹಕ್ಕು ಬಿಷಪರಿಗೆ ಇದೆ, ಕೊಡಬೇಕು. ಸಭೆಯ ಸಂವಿಧಾನ ಪುಸ್ತಕದ ಮೊದಲ ಪುಟಗಳಲ್ಲಿ ಅನುಮೋದನೆಯ ಪತ್ರ ರೋಮಿನದೋ, ಬಿಷಪರದೋ ಎಂದು ನೋಡಿದರೆ ಗೊತ್ತಾಗುತ್ತದೆ.

ಇನ್ನೊಂದು ಗೆರೆ ಇದೆ. ರೋಮಿನ ಮಾನ್ಯತೆಯ ಸಭೆಯದೇ ಆದರೂ, ಊರಿನ ಭಕ್ತರು ಸದಾ ಬರುವ ಚಾಪೆಲ್, ಶಾಲೆ, ಸೇವಾ ಕಾರ್ಯಗಳನ್ನು ಬಿಷಪರು ಸಂದರ್ಶಿಸಬಹುದು (683). ಸಭೆಯ ಅಭ್ಯರ್ಥಿಗಳಿಗೆ ಮಾತ್ರ ಇರುವ ಶಾಲೆ ಇದಕ್ಕೆ ಸೇರದು. ಅಕ್ರಮ ಕಂಡರೆ ಮೊದಲು ಮೇಲಧಿಕಾರಿಗೆ ಎಚ್ಚರಿಕೆ. ಅದು ವ್ಯರ್ಥವಾದರೆ ಬಿಷಪರೇ ಕ್ರಮ ಕೈಗೊಳ್ಳಬಹುದು. ಹೀಗಾಗಿ ಶಾಲೆಯ ಬಾಗಿಲಲ್ಲಿ ತಡೆಯುವ ಸಿಸ್ಟರ್‌ಗಳೂ ತಪ್ಪು, ಕಾನ್ವೆಂಟಿನ ಅಡುಗೆಮನೆ ಖರ್ಚಿನ ಪುಸ್ತಕ ಕೇಳುವವರೂ ತಪ್ಪು.

ಪ್ರಶ್ನೆ: ಅಮೆರಿಕದಲ್ಲಿ ಸಿಸ್ಟರ್‌ಗಳು ಬಿಷಪರ ಮೇಲೆ ಕೋರ್ಟಿಗೆ ಹೋದರಂತೆ. ಇಲ್ಲೂ ಹೋಗಬಹುದಲ್ಲ? — ಶಿಕಾರಿಪುರ ಓದುಗರು

ಟೆಕ್ಸಸ್‌ನ ಆರ್ಲಿಂಗ್ಟನ್ ಕಾರ್ಮೆಲ್ ಮಠದ ಸಂಗತಿ ಅದು. 2023ರಲ್ಲಿ ಫೋರ್ಟ್ ವರ್ತ್ ಬಿಷಪ್ ಮೈಕೆಲ್ ಓಲ್ಸನ್ ಮಠದ ಮುಖ್ಯಸ್ಥೆಯ ಮೇಲೆ ವಿಚಾರಣೆ ಶುರುಮಾಡಿದರು. ಸಿಸ್ಟರ್‌ಗಳು 10 ಲಕ್ಷ ಡಾಲರ್ ಪರಿಹಾರ ಕೇಳಿ ಕೋರ್ಟಿಗೆ ಹೋದರು. ಇದು ಧರ್ಮಸಭೆಯ ಒಳಗಿನ ವಿಷಯ, ತನಗೆ ವ್ಯಾಪ್ತಿ ಇಲ್ಲ ಎಂದು ಕೋರ್ಟು ಜೂನ್ ಕೊನೆಗೆ ದಾವೆ ವಜಾ ಮಾಡಿತು. ಅಷ್ಟರಲ್ಲಿ ರೋಮ್ ಅದೇ ಬಿಷಪರನ್ನು ತನ್ನ ಪ್ರತಿನಿಧಿಯಾಗಿ ನೇಮಿಸಿತ್ತು. 2024ರಲ್ಲಿ ಮಠವನ್ನು ಕಾರ್ಮೆಲ್ ಸಂಘದ ಅಧ್ಯಕ್ಷೆಯ ಕೈಗೆ ಒಪ್ಪಿಸಿದಾಗಲೂ ಸಿಸ್ಟರ್‌ಗಳು ಒಪ್ಪಲಿಲ್ಲ. ಆ ವರ್ಷದ ಕೊನೆಗೆ ಮಠವನ್ನೇ ರದ್ದು ಮಾಡಿದ ಸುದ್ದಿ ಬಂತು. ಅದೇ ವರ್ಷ ಸ್ಪೇನಿನ ಬೆಲೊರಾದೊದ ಕ್ಲಾರಿಸ್ಟ್ ಸಿಸ್ಟರ್‌ಗಳ ಕಥೆ ಮಠದ ಕಟ್ಟಡ ಕೊಳ್ಳುವ ಮಾರುವ ತಕರಾರಿನೊಂದಿಗೆ ಬೆಳೆದು, ಜೂನ್‌ನಲ್ಲಿ ಹತ್ತು ಮಂದಿಯ ಬಹಿಷ್ಕಾರದವರೆಗೆ ಹೋಯಿತು. ಎರಡೂ ಕಡೆ ಮೊದಲ ವಿಷಯ ತೀರಾ ಸೀಮಿತವಾಗಿತ್ತು. ಅದು ಅಧಿಕಾರವನ್ನೇ ನಿರಾಕರಿಸುವ ಜಗಳವಾದ ಮೇಲೆ ಹಿಂದಿರುಗುವ ದಾರಿ ಮುಚ್ಚಿತು.

ನಮ್ಮಲ್ಲಿ ವರ್ಗಾವಣೆ, ವ್ರತ, ಸುಪೀರಿಯರ್ ನೇಮಕದಂಥ ವಿಷಯ ಸಿವಿಲ್ ಕೋರ್ಟಿಗೆ ಒಯ್ದು ಪ್ರಯೋಜನ ಕಡಿಮೆ. ಜಾಗದ ಒಡೆತನ, ನೋಂದಾಯಿತ ಸೊಸೈಟಿಯ ಚುನಾವಣೆ, ಶಿಕ್ಷಕರ ಸಂಬಳ ಇವು ಕೋರ್ಟಿನ ವಿಷಯಗಳೇ. ಅಪರಾಧವಾದರೆ ಮಾತೇ ಬೇರೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಬಿಷಪರ, ಪ್ರೊವಿನ್ಷಿಯಲ್‌ರ ಅನುಮತಿಗೆ ಕಾಯಬೇಕಿಲ್ಲ. ಸಿಸ್ಟರ್ ಒಬ್ಬರ ಮೇಲೆ ಯಾರಾದರೂ ಕೈ ಮಾಡಿದರೂ ಅವರು ನೇರ ಠಾಣೆಗೆ ಹೋಗಬಹುದು. ಇಂಥ ದೂರನ್ನು ಆಸ್ತಿ ತಕರಾರಿನಲ್ಲಿ ಚೌಕಾಸಿಗೆ ಇಡಬಾರದು, ಯಾವ ಕಡೆಯವರೂ.

ಪ್ರಶ್ನೆ: ನಾವು ಧರ್ಮಕೇಂದ್ರದ (ಊರಿನ ಇಗರ್ಜಿಯ) ಜನ ಸಿಸ್ಟರ್‌ಗಳ ಪರ. ಬಿಷಪ್ ಹೌಸ್ ಮುಂದೆ ಧರಣಿ ಕೂರಬೇಕೆಂದಿದ್ದೇವೆ. — ಹೆಸರು ಬೇಡ ಎಂದವರು

ನಿಮ್ಮ ಅಭಿಪ್ರಾಯವನ್ನು ಗುರುಗಳಿಗೂ ಉಳಿದ ಭಕ್ತರಿಗೂ ತಿಳಿಸುವ ಹಕ್ಕು ನಿಮಗಿದೆ (212). ಧರಣಿಗಿಂತ ಮುಂಚೆ ಸಿಸ್ಟರ್‌ಗಳನ್ನೇ ಕೇಳಿ. ಮೇಲ್ಮನವಿ ರೋಮಿನಲ್ಲಿರುವಾಗ ರಸ್ತೆಯಲ್ಲಿ ಕೂಗಿದ ಘೋಷಣೆ, ವಾಟ್ಸಾಪಿನಲ್ಲಿ ಹರಿದಾಡಿದ ವಿಡಿಯೋ ಅವರೇ ಎತ್ತಿಕಟ್ಟಿದ್ದು ಎಂದು ಕಡತ ಸೇರಬಹುದು. ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿ ಚರ್ಚಿಸಿ, ಸಹಿ ಮಾಡಿದವರ ಮನೆ ಹೆಸರು, ವಾರ್ಡ್ ಹಾಕಿ ಒಂದು ಪುಟದ ಮನವಿ ಕೊಡಿ. ಶಾಲೆ ನಿಂತರೆ ಎಷ್ಟು ಮಕ್ಕಳು ಎಷ್ಟು ಕಿಲೋಮೀಟರ್ ದೂರ ಹೋಗಬೇಕು ಎಂದು ಬರೆಯಿರಿ. ಭಾನುವಾರದ ಪೂಜೆಗೆ ಬಹಿಷ್ಕಾರ ಮಾತ್ರ ಬೇಡ.

ಪ್ರಶ್ನೆ: ನಮ್ಮದು ಭದ್ರಾವತಿಯ ಸಿರೋ ಮಲಬಾರ್ ಧರ್ಮಪ್ರಾಂತ್ಯ. ನಿಯಮ ಇದೇನಾ? — ಎನ್.ಆರ್. ಪುರ ಓದುಗರು

ಅಲ್ಲ. ಸಿರೋ ಮಲಬಾರ್ ಪೂರ್ವ ಪದ್ಧತಿಯ ಕ್ಯಾಥೊಲಿಕ್ ಧರ್ಮಸಭೆ, ಹಾಗಾಗಿ ನಿಮಗೆ ಅನ್ವಯಿಸುವುದು ಪೂರ್ವ ಧರ್ಮಸಭೆಗಳ 1990ರ ಕ್ಯಾನನ್ ಸಂಹಿತೆ. ಕ್ಯಾನನ್ ಸಂಖ್ಯೆಗಳು, ಅಧಿಕಾರಿಗಳ ಹೆಸರು ಎಲ್ಲ ಬೇರೆ. ರೋಮಿನಲ್ಲಿ ನೋಡಿಕೊಳ್ಳುವುದೂ ಪೂರ್ವ ಧರ್ಮಸಭೆಗಳ ವಿಭಾಗ. ಲ್ಯಾಟಿನ್ ಸಂಖ್ಯೆ ಹಾಕಿದ ಮೇಲ್ಮನವಿ ಕಳಿಸಬೇಡಿ. ಸಿರೋ ಮಲಬಾರ್ ಸಿಸ್ಟರ್‌ಗಳು ಲ್ಯಾಟಿನ್ ಧರ್ಮಕ್ಷೇತ್ರದ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದರೆ ಒಪ್ಪಂದದಲ್ಲೇ ಯಾವ ವಿಷಯಕ್ಕೆ ಯಾರ ಅಧಿಕಾರ ಎಂದು ಬರೆಸಿಕೊಳ್ಳಿ.

ಪ್ರಶ್ನೆ: ಸಿಸ್ಟರ್‌ಗಳು ತಮ್ಮ ತೋಟ ಮಾರುತ್ತಿದ್ದಾರೆ. ಬಿಷಪರು ತಡೆಯಬಹುದೇ? — ಸಾಗರದಿಂದ ಇನ್ನೊಬ್ಬರು

ಧರ್ಮಕ್ಷೇತ್ರದ ಸಭೆಯಾದರೆ ಬಿಷಪರ ಲಿಖಿತ ಒಪ್ಪಿಗೆ ಇಲ್ಲದೆ ಮಾರುವಂತಿಲ್ಲ (638). ರೋಮಿನ ಮಾನ್ಯತೆಯ ಸಭೆಗೆ ಬೇಕಾದ್ದು ತನ್ನ ಮೇಲಧಿಕಾರಿ ಕೌನ್ಸಿಲ್ ಒಪ್ಪಿಗೆಯೊಂದಿಗೆ ಕೊಟ್ಟ ಲಿಖಿತ ಅನುಮತಿ. ಬೆಲೆ ನಮ್ಮ ಪ್ರದೇಶಕ್ಕೆ ರೋಮ್ ನಿಗದಿ ಮಾಡಿದ ಮಿತಿ ದಾಟಿದರೆ, ಅಥವಾ ಅದು ಹರಕೆಯಾಗಿ ಕೊಟ್ಟದ್ದೋ ಕಲೆ, ಇತಿಹಾಸದ ಬೆಲೆಯುಳ್ಳದ್ದೋ ಆದರೆ, ರೋಮಿನ ಅನುಮತಿಯೂ ಬೇಕು. ಕೊಳ್ಳುವವರು ಮುಂಗಡ ಕೊಡುವ ಮೊದಲೇ ಈ ಅನುಮತಿ ಪತ್ರಗಳ ಪ್ರತಿ, ಸೊಸೈಟಿಯ ನಿರ್ಣಯ, ಸಹಿ ಮಾಡುವ ಸಿಸ್ಟರ್‌ಗೆ ಕೊಟ್ಟ ಅಧಿಕಾರ ಪತ್ರ ಕೇಳಿ ಪಡೆಯಲಿ. ದಾನಪತ್ರದ ಮೂಲಕ ಬಂದ ತೋಟವಾದರೆ ಅದರಲ್ಲಿ ‘ಶಾಲೆಗಾಗಿ ಮಾತ್ರ’ ಎಂಬಂಥ ಷರತ್ತು ಇದೆಯೇ ಎಂದು ಮೂಲ ಪ್ರತಿಯಲ್ಲೇ ಓದಬೇಕು.